ಸೋದರಳಿಯನ ಮೂರನೆಯ ಕೇಳಿಕೆ

ಎರ್ಮೆಕ್‌ನ ಮನೆಯಲ್ಲಿ ಚಳಿಗಾಲದ ಬೆಳಗು ಶುರುವಾಗುತ್ತಿದ್ದದ್ದು ಮಂಜುಗಡ್ಡೆ ಒಡೆಯುವ ಸದ್ದಿನಿಂದ. ಹಿಂದಿನ ಸಂಜೆ ಹೆಂಡತಿ ರೌಶಾನ್ ಬಾಲ್ಕನಿಯ ಆರು ಬೋಗುಣಿಗಳಿಗೆ ನಲ್ಲಿ ನೀರು ತುಂಬಿಸಿಟ್ಟಿರುತ್ತಿದ್ದಳು. ಬೆಳಗಾಗುವಷ್ಟರಲ್ಲಿ ನೀರು ಅಂಚಿನಿಂದ ಒಳಕ್ಕೆ ಹೆಪ್ಪುಗಟ್ಟಿ, ನಡುವೆ ಒಂದು ಬಟ್ಟಲಿನಷ್ಟು ಮಾತ್ರ ಹಾಗೇ ಉಳಿದಿರುತ್ತಿತ್ತು. ಊರಿನ ನೀರಿನಲ್ಲಿರುವ ಸುಣ್ಣ, ಉಪ್ಪು ಎಲ್ಲ ಆ ನಡುವಿನ ನೀರಿಗೆ ಸರಿದು ಬಂದಿರುತ್ತಿದ್ದವು. ರೌಶಾನ್ ಮೊಳೆಯಿಂದ ತೂತು ಹೊಡೆದು ಅದನ್ನು ಹೊರಗೆ ಚೆಲ್ಲಿ, ಸುತ್ತಲಿನ ಗಡ್ಡೆಯನ್ನು ಸುತ್ತಿಗೆಯಿಂದ ಒಡೆದು ಒಳಗೆ ತಂದು ಸುರಿಯುತ್ತಿದ್ದಳು. ಆಮೇಲೆ ಕೋಟು ತೊಟ್ಟು ಶಾಲೆಯ ಅಡುಗೆಮನೆಯ ಕೆಲಸಕ್ಕೆ ಹೋಗುತ್ತಿದ್ದಳು. ಗಡ್ಡೆ ಕರಗಿಸಿ, ಬೆಚ್ಚಗೆ ಮಾಡಿ, ತೊಟ್ಟಿಗೆ ಹನಿಹನಿಯಾಗಿ ಬಿಡುವುದು ಎರ್ಮೆಕ್‌ನ ಕೆಲಸ. ಡಿಸ್ಕಸ್ ಮೀನು ಮೊಟ್ಟೆಯಿಟ್ಟರೆ ಇಂಥ ಮೆದು ನೀರಿನಲ್ಲೇ ಇಡಬೇಕು. ಗಡಸು ನೀರಿನಲ್ಲಿಟ್ಟ ಮೊಟ್ಟೆ ಬೆಳ್ಳಗಾಗಿ ಕೊಳೆಯುತ್ತದೆ.

ಬಾಲ್ಕನಿಗೆ ಅವನು ಹೋಗುವಂತಿರಲಿಲ್ಲ. ಕರಗಾಂದಿ ಕಡೆಯ ಆ ಗಣಿ ಊರಿನಲ್ಲಿ ಇಪ್ಪತ್ತಾರು ವರ್ಷ ನೆಲದಡಿಯಲ್ಲಿ ಕಲ್ಲಿದ್ದಲು ಕಡಿದ ಮೇಲೆ ಅವನ ಎದೆಯಲ್ಲಿ ಉಳಿದಿದ್ದ ಉಸಿರು ಅಷ್ಟಕ್ಕಷ್ಟೆ. ಮೈನಸ್ ಮೂವತ್ತರ ಗಾಳಿ ಒಂದು ಸಲ ಒಳಕ್ಕೆ ಹೋದರೆ ಅರ್ಧ ಗಂಟೆ ಕೆಮ್ಮು. ನವೆಂಬರಿನಿಂದ ಮಾರ್ಚ್ ಕೊನೆಯವರೆಗೆ ನಾಲ್ಕನೆಯ ಮಹಡಿಯ ಆ ಎರಡು ಕೋಣೆಯ ಮನೆಯೇ ಅವನ ಪ್ರಪಂಚ. ಒಂದು ಕೋಣೆ ಎಂಬತ್ತನಾಲ್ಕು ವರ್ಷದ ತಾಯಿ ಜೈನೆಪ್‌ಳದು. ಅವಳನ್ನು ಮನೆಯವರೆಲ್ಲ ಅಪಾ ಎನ್ನುತ್ತಿದ್ದರು. ಇನ್ನೊಂದು ಕೋಣೆಯಲ್ಲಿ ಹದಿನಾಲ್ಕು ಗಾಜಿನ ತೊಟ್ಟಿಗಳು, ಅವುಗಳ ನಡುವೆ ಗಂಡಹೆಂಡಿರ ಮಂಚ. ಮಂಚ ಬಿಟ್ಟರೆ ಕಾಲಿಡಲು ಜಾಗವಿರಲಿಲ್ಲ. ಗೋಡೆಯ ಕಾಗದ ತೇವಕ್ಕೆ ಎದ್ದು ಬಂದಿತ್ತು, ಹಾಸಿಗೆಗೂ ಹೊದಿಕೆಗೂ ಕೆರೆಯ ವಾಸನೆ. ಗಾಳಿ ಪಂಪಿನ ಗುರುಗುಟ್ಟುವಿಕೆ ಯಾವಾಗಲಾದರೂ ನಿಂತರೆ ಇಬ್ಬರಿಗೂ ಎಚ್ಚರವಾಗುತ್ತಿತ್ತು.

ಮೀನು ಅವನಿಗೆ ಹತ್ತಿದ್ದು ಪಕ್ಕದ ಮನೆಯ ಜರ್ಮನ್ ಮುದುಕ ಓಟ್ಟೊ ಕಾರ್ಲೊವಿಚ್‌ನಿಂದ. ತೊಂಬತ್ತರ ದಶಕದಲ್ಲಿ ಆ ಊರಿನ ಜರ್ಮನರೆಲ್ಲ ಗಂಟುಮೂಟೆ ಕಟ್ಟಿ ಹೊರಟಾಗ ಓಟ್ಟೊ ಕೂಡ ಹೊರಟ. ಪೆಟ್ಟಿಗೆ ತುಂಬಬಹುದು, ತೊಟ್ಟಿ ತುಂಬಲಾಗದು. ಮೂರು ತೊಟ್ಟಿ, ಒಂದು ನೋಟುಬುಕ್ಕು, ಗಡ್ಡೆಯಿಂದ ಮೆದು ನೀರು ತೆಗೆಯುವ ಗುಟ್ಟು ಇಷ್ಟನ್ನೂ ಎರ್ಮೆಕ್‌ಗೆ ಒಪ್ಪಿಸಿ, ಗೇಟಿನವರೆಗೆ ಹೋಗಿ ಮತ್ತೆ ಮೇಲೆ ಬಂದು, "ಹೀಟರ್ ಒಂದ್ಸಲ ನೋಡ್ತಿರು" ಎಂದು ಹೇಳಿ ಹೋಗಿದ್ದ. ಮೊದಮೊದಲು ಗಪ್ಪಿ, ಆಮೇಲೆ ಕತ್ತಿಬಾಲದ ಮೀನು, ಆಮೇಲೆ ಏಂಜೆಲ್. ಗಣಿಯಲ್ಲಿದ್ದಷ್ಟು ದಿನ ಅದು ಬರೀ ಹವ್ಯಾಸ. ಕತ್ತಲೆಯಲ್ಲಿ ಎಂಟು ಗಂಟೆ ಕಳೆದು ಬಂದವನಿಗೆ ಬೆಳಕಿರುವ ನೀರು ನೋಡಿದರೆ ಕಣ್ಣು ತಂಪಾಗುತ್ತಿತ್ತು. ಎದೆ ಕೆಟ್ಟು ಮನೆ ಸೇರಿದ ಮೇಲೆ ಅದೇ ಅವನ ದುಡಿಮೆಯಾಯಿತು. ಮರಿಗಳನ್ನು ರೌಶಾನ್ ಭಾನುವಾರ ಕರಗಾಂದಿಯ ಸಂತೆಗೆ ಒಯ್ಯುತ್ತಿದ್ದಳು, ಮೂರು ಲೀಟರಿನ ಉಪ್ಪಿನಕಾಯಿ ಭರಣಿಗಳನ್ನು ಕೋಟಿನೊಳಗೆ ಅವಚಿಕೊಂಡು.

ಆದರೆ ದುಡಿಮೆಯೇ ಅವರನ್ನು ಕಟ್ಟಿಹಾಕಿತು. ಮೂರು ಗಂಟೆಗೊಮ್ಮೆ ಮರಿಗಳಿಗೆ ಊಟ, ದಿನಕ್ಕೊಮ್ಮೆ ನೀರು, ಕರೆಂಟು ಹೋದರೆ ಬಿಸಿನೀರಿನ ಬಾಟಲಿ. ಆರು ವರ್ಷದಿಂದ ಗಂಡಹೆಂಡತಿ ಒಟ್ಟಿಗೆ ಯಾವ ಮದುವೆಗೂ ಹೋಗಿರಲಿಲ್ಲ, ಯಾವ ಸಾವಿಗೂ ಹೋಗಿರಲಿಲ್ಲ. ದಕ್ಷಿಣದ ತಾರಾಜ್‌ನಲ್ಲಿದ್ದ ರೌಶಾನ್‌ಳ ತಂಗಿ ಪ್ರತಿ ವಸಂತದಲ್ಲೂ, "ಏಪ್ರಿಕಾಟ್ ಹೂ ಬಿಟ್ಟಿದೆ, ಬಾ" ಎಂದು ಫೋನು ಮಾಡುತ್ತಿದ್ದಳು. ಪ್ರತಿ ವಸಂತದಲ್ಲೂ ರೌಶಾನ್, "ಮರಿ ಇದೆ ಕಣೆ" ಎನ್ನುತ್ತಿದ್ದಳು.

ಹಿಂದಿನ ಶರತ್ಕಾಲದಲ್ಲಿ ಡಾಕ್ಟರು ಎಕ್ಸರೆಯನ್ನು ಕಿಟಕಿಗೆ ಹಿಡಿದು, "ಇಲ್ಲಿನ ಚಳಿಗಾಲ ಇನ್ನೆಷ್ಟು ಕಳೀತೀರಿ? ಬೆಚ್ಚಗಿನ ಊರಿಗೆ ಹೋಗಿ" ಎಂದರು. ಹೇಳುವುದು ಸುಲಭ. ಹೋಗಲು ಇದ್ದ ದಾರಿ ಒಂದೇ. ಎರ್ಮೆಕ್‌ನ ಹತ್ತಿರ ಒಂದು ಜೋಡಿ ಕೆಂಪು ಡಿಸ್ಕಸ್ ಇತ್ತು. ತಟ್ಟೆಯಂತೆ ದುಂಡಗಿದ್ದು ಅಂಗೈಗಿಂತ ದೊಡ್ಡವಾಗಿದ್ದವು. ಆಲ್ಮಾಟಿಯ ಗೆನ್ನಾಡಿ ಎಂಬ ಮೀನು ವ್ಯಾಪಾರಿ ಫೋನಿನಲ್ಲಿ ಮಾತು ಕೊಟ್ಟಿದ್ದ: "ಆ ಜೋಡಿ ಒಂದು ಸಂಸಾರಾನ ಮೂರು ವಾರ ತಾನೇ ಸಾಕಿ ತೋರಿಸ್ಲಿ. ಆಮೇಲೆ ಜೋಡೀನೂ ನಂದು, ನಿನ್ನ ಹದಿನಾಲ್ಕು ತೊಟ್ಟೀನೂ ನಂದು. ನೀನು ತಾರಾಜ್‌ಗೆ ಹೋಗಿ ಮನೆ ಮಾಡು. ಸಾಕದ ಜೋಡಿ ಮಾತ್ರ ನಂಗ್ ಬೇಡ, ಅಂಥವು ನನ್ನತ್ರಾನೇ ಇವೆ."

ಎರಡು ವರ್ಷದಲ್ಲಿ ಆ ಜೋಡಿ ಹನ್ನೊಂದು ಸಲ ಮೊಟ್ಟೆಯಿಟ್ಟಿತ್ತು, ಹನ್ನೊಂದು ಸಲವೂ ತಿಂದುಹಾಕಿತ್ತು. ಹನ್ನೆರಡನೆಯ ಸಲ ತಿನ್ನಲಿಲ್ಲ. ಕವುಚಿಟ್ಟ ಮಣ್ಣಿನ ಕುಂಡದ ಮೇಲೆ ಮೊಟ್ಟೆಯೊಡೆದು, ಎಪ್ಪತ್ತರಷ್ಟು ಮರಿಗಳು ನೀರಿಗೆ ಬಿದ್ದು, ತೂರಾಡಿ, ಕೊನೆಗೆ ತಾಯಿಯ ಪಕ್ಕೆಗೆ ಅಂಟಿಕೊಂಡವು. ಡಿಸ್ಕಸ್ ಮೀನಿನ ಮೈಮೇಲೆ ಆಗ ಒಂದು ಲೋಳೆ ಊರುತ್ತದೆ. ಮರಿಗಳು ಅದನ್ನೇ ಕೆರೆದು ಉಣ್ಣುತ್ತವೆ. ತಾಯಿಗೆ ಸಾಕಾದಾಗ ಮೈ ಕೊಡವಿ ಪಕ್ಕಕ್ಕೆ ಸರಿಯುತ್ತಾಳೆ, ಮರಿಗಳ ಮೋಡ ಅಪ್ಪನ ಮೈಗೆ ದಾಟುತ್ತದೆ. ಆ ಲೋಳೆಯಿಲ್ಲದೆ ಮೊದಲ ಎರಡು ಮೂರು ವಾರ ಮರಿಗಳು ಬದುಕುವುದು ಬಹಳ ಕಷ್ಟ. ಎರ್ಮೆಕ್ ತೊಟ್ಟಿಯ ಮುಂದೆ ಮಂಡಿಯೂರಿ ಕೂತು ಇದನ್ನೆಲ್ಲ ನೋಡುತ್ತಿದ್ದಾಗ ಉಸಿರಾಡುವುದಕ್ಕೂ ಹೆದರುತ್ತಿದ್ದ. ರೌಶಾನ್ ಹಿಂದೆ ನಿಂತು ಬೆರಳು ಮಡಿಸಿ ವಾರ ಎಣಿಸುತ್ತಿದ್ದಳು.

ಅಷ್ಟರಲ್ಲಿ ಅವನು ತಪ್ಪು ಮಾಡಿದ.

ಹುಟ್ಟಿದ ಕೂಸನ್ನು ನಲವತ್ತು ದಿನ ಹೊರಗಿನ ಕಣ್ಣಿಗೆ ತೋರಿಸುವ ಪದ್ಧತಿಯಿಲ್ಲ. ಮೀನಿಗೂ ಅದು ಸಲ್ಲುತ್ತದೆ ಎಂದು ಅಪಾ ಮೊದಲ ದಿನವೇ ಹೇಳಿದ್ದಳು. "ಅಪಾ, ಮೀನಿಗೆಂಥ ಕಣ್ಣು ಬೀಳುತ್ತೆ?" ಎಂದು ಎರ್ಮೆಕ್ ನಕ್ಕಿದ್ದ. ಹೆಮ್ಮೆ ಒಳಗಿಟ್ಟುಕೊಳ್ಳಲಾಗದೆ ಒಂಬತ್ತನೆಯ ದಿನ ತೀರಿಹೋದ ಅಕ್ಕ ಕುಲ್ಯಾಶ್‌ಳ ಮಗ ದಾನಿಯಾರ್‌ಗೆ ಫೋನು ಮಾಡಿದ.

"ಏನೋ ಅಳಿಯ, ನಿನ್ನ ನಗಾಶಿ ಮನೇಲಿ ಎಪ್ಪತ್ತು ಕೂಸು ಹುಟ್ಟಿವೆ. ಮುಖ ನೋಡಿದ ಕಾಣಿಕೆ ತಗೊಂಡು ಬಾ."

ನಗಾಶಿ ಎಂದರೆ ತಾಯಿಯ ತವರಿನವರು, ಅಂದರೆ ಸೋದರಮಾವ. ದಾನಿಯಾರ್‌ಗೆ ನಲವತ್ತು ವರ್ಷ. ಕರಗಾಂದಿಯಲ್ಲಿ ಮದುವೆ ಔತಣಗಳ ದೊಡ್ಡ ಹಾಲ್ ನಡೆಸುತ್ತಿದ್ದ. ಅಂದು ಭಾನುವಾರ, ಅವತ್ತೇ ಬಂದ. ಹೆಗಲಮೇಲೆ ಕುದುರೆ ಮಾಂಸದ ಸಾಸೇಜಿನ ಕಟ್ಟು, ಮೈಗೆ ಒಳ್ಳೆಯ ಕೋಟು, ಬಾಯಿ ತುಂಬ ಮಾತು. ಅಪಾಳನ್ನು ಅಪ್ಪಿ ಎತ್ತಿಯೇಬಿಟ್ಟ.

"ಇಳಿಸೋ ಕತ್ತೆ, ಮೂಳೆ ಮುರೀತದೆ!"

"ನಿನ್ನ ಮೂಳೆ ಮುರಿಯೋಕೆ ಗಣಿ ಯಂತ್ರ ತರಬೇಕು ಅಪಾ."

ತೊಟ್ಟಿಯ ಮುಂದೆ ನಿಂತಾಗ ಮಾತ್ರ ಅವನ ಮಾತು ನಿಂತಿತು. ಕೆಂಪು ತಟ್ಟೆಯಂಥ ಎರಡು ಮೀನು, ಅವುಗಳ ಮೈತುಂಬ ರೆಪ್ಪೆಕೂದಲಿನಷ್ಟು ಮರಿಗಳು. ಬಹಳ ಹೊತ್ತು ನೋಡಿದ. ಆಮೇಲೆ ಮಣಿಕಟ್ಟಿನ ಗಡಿಯಾರ ಬಿಚ್ಚಿ ತೊಟ್ಟಿಯ ಮುಚ್ಚಳದ ಮೇಲಿಟ್ಟು, "ಇಗೋ, ಮುಖ ನೋಡಿದ ಕಾಣಿಕೆ" ಎಂದ. ಎರ್ಮೆಕ್ ಬೇಡಬೇಡವೆಂದರೂ ಒಳಗೊಳಗೆ ಹಿಗ್ಗಿ ತೆಗೆದುಕೊಂಡ.

ಚಹಾಕ್ಕೆ ಕೂತರು. ರೌಶಾನ್ ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆ, ಬಾವುರ್ಸಾಕ್, ಸುರಿದಳು. ಮೂರನೆಯ ಬಟ್ಟಲು ಚಹಾ ಕೈಯಲ್ಲಿ ಹಿಡಿದು ದಾನಿಯಾರ್ ಹೇಳಿದ:

"ನಗಾಶಿ, ನಂದು ಇನ್ನೊಂದು ಉಳಿದಿದೆ. ಗೊತ್ತಲ್ಲ?"

ಅದು ಹಳೆಯ ಪದ್ಧತಿ. ಮಗಳ ಮಗ ತಾಯಿಯ ತವರಿನಲ್ಲಿ ತನ್ನ ಜೀವಮಾನದಲ್ಲಿ ಮೂರು ಸಲ ಏನು ಕೇಳಿದರೂ ಇಲ್ಲವೆನ್ನುವಂತಿಲ್ಲ. ಏಳು ವರ್ಷದವನಾಗಿದ್ದಾಗ ದಾನಿಯಾರ್ ಅಜ್ಜನ ಹತ್ತಿರ ಕಂದು ಮರಿಗುದುರೆ ಕೇಳಿದ್ದ. ತನ್ನ ಮದುವೆಯಲ್ಲಿ ಎರ್ಮೆಕ್‌ನ ಹತ್ತಿರ ಸೈಡ್‌ಕಾರ್ ಇದ್ದ ಮೋಟಾರ್ ಸೈಕಲ್ ಕೇಳಿದ್ದ. ಎರಡನ್ನೂ ನಗುನಗುತ್ತ ಕೊಟ್ಟಿದ್ದರು.

"ಆ ಜೋಡಿ ಕೊಡಿ. ಮುಂದಿನ ಭಾನುವಾರ ನನ್ನ ಹಾಲ್‌ನಲ್ಲಿ ದೊಡ್ಡವರ ಮದುವೆ ಇದೆ. ಬಾಗಿಲ ಹತ್ರ ನಾಲ್ಕು ಮೀಟರ್ ತೊಟ್ಟಿ ಕಟ್ಟಿಸಿದ್ದೀನಿ, ಖಾಲಿ ಬಿದ್ದಿದೆ. ಈ ಎರಡು ಕೆಂಪು ಬಿಟ್ಟರೆ ನೋಡಿ, ಜನ ಊಟ ಬಿಟ್ಟು ಅಲ್ಲೇ ನಿಲ್ತಾರೆ."

"ಬೇರೆ ಏನಾದ್ರೂ ಕೇಳು," ಎಂದ ಎರ್ಮೆಕ್. "ಏಂಜೆಲ್ ಇವೆ, ನಲವತ್ತು ಕೊಡ್ತೀನಿ. ನಾನು ನುಡಿಸೋ ದೋಂಬ್ರಾ ಕೇಳು. ನನ್ನ ಕೋಟು ಕೇಳು."

"ನಿಮ್ಮ ಕೋಟು ನನ್ನ ಒಂದು ತೋಳಿಗೆ ಸಾಕಾಗಲ್ಲ ನಗಾಶಿ," ಎಂದು ದಾನಿಯಾರ್ ನಕ್ಕ. ನಗುವಿನಲ್ಲಿ ಕೆಡುಕಿರಲಿಲ್ಲ. ಕೇಳಿದ್ದು ತನ್ನ ಹಕ್ಕು, ಕೊಡುವುದು ಮಾವನಿಗೆ ಸಂತೋಷ ಎಂದೇ ಅವನು ತಿಳಿದಿದ್ದ. ತಾರಾಜ್‌ನ ಮಾತು ಅವನಿಗೆ ಯಾರೂ ಹೇಳಿರಲಿಲ್ಲ. ಈಗ ಹೇಳಿದರೆ ಕೊಡದಿರಲು ನೆಪ ಹುಡುಕಿದಂತೆ ಆಗುತ್ತಿತ್ತು.

ಎರ್ಮೆಕ್ ತಾಯಿಯ ಕಡೆ ನೋಡಿದ. ಅಪಾ ಬಟ್ಟಲಿನ ಅಂಚು ಒರೆಸುತ್ತಿದ್ದಳು.

"ಕುಲ್ಯಾಶ್ ಮಗ ಕೇಳ್ತಿದ್ದಾನೆ," ಎಂದಳು. "ಕೊಡು."

ಶುಕ್ರವಾರ ಬಂದು ಒಯ್ಯುತ್ತೇನೆಂದು ಹೇಳಿ ದಾನಿಯಾರ್ ಹೋದ. ಶುಕ್ರವಾರಕ್ಕೆ ಮರಿಗಳಿಗೆ ಹದಿನಾಲ್ಕು ದಿನ. ಗೆನ್ನಾಡಿ ಕೇಳಿದ್ದು ಇಪ್ಪತ್ತೊಂದು. ಗೆನ್ನಾಡಿಯ ಮಾತು ಹಾಗಿರಲಿ, ಜೋಡಿಯೇ ಹೋದ ಮೇಲೆ ಮಾತೆಲ್ಲಿಯದು?

ರೌಶಾನ್ ಪಾತ್ರೆ ತೊಳೆಯುತ್ತಿದ್ದಳು. ತೊಳೆದ ಬಟ್ಟಲನ್ನೇ ಮತ್ತೆ ತೊಳೆದಳು.

"ಏನಾದ್ರೂ ಹೇಳು," ಎಂದ ಎರ್ಮೆಕ್.

"ಏನ್ ಹೇಳ್ಲಿ? ಫೋನ್ ಮಾಡಿ ಕರೆದವನು ನೀನು. ಗಡಿಯಾರ ಕಟ್ಕೋ, ಚೆನ್ನಾಗಿ ಕಾಣುತ್ತೆ."

"ರೌಶಾನ್..."

"ನಾನೊಂದು ಹೇಳ್ಲಾ? ಇವತ್ತೇ ಗೆನ್ನಾಡಿಗೆ ಫೋನ್ ಮಾಡು. ನಾಳೆ ರೈಲಿಗೆ ಹಾಕೋಣ. ಶುಕ್ರವಾರ ಅವನು ಬಂದ್ರೆ ಸತ್ತೋದ್ವು ಅನ್ನೋಣ. ಮೀನು ಸಾಯಲ್ವಾ? ದಿನಾ ಸಾಯ್ತವೆ."

ಪಕ್ಕದ ಕೋಣೆಯಲ್ಲಿ ಅಪಾ ಜಪಮಣಿ ಎಣಿಸುವ ಸದ್ದು ನಿಂತಿತ್ತು. ಗೋಡೆ ತೆಳು. ಸ್ವಲ್ಪ ಹೊತ್ತಾದ ಮೇಲೆ ರೌಶಾನಳೇ, "ಬೇಡ ಬಿಡು. ಬಾಯಿಗೆ ಬಂದಿದ್ದು ಹೇಳ್ದೆ" ಎಂದಳು. ಆದರೂ ಮಾರನೆಯ ದಿನ ಅವಳು ಬಾಲ್ಕನಿಯಲ್ಲಿ ಗಡ್ಡೆ ಒಡೆಯುವ ಸದ್ದು ಎಂದಿಗಿಂತ ಜೋರಾಗಿತ್ತು.

ಸೋಮವಾರ ಎರ್ಮೆಕ್ ಓಟ್ಟೊನ ನೋಟುಬುಕ್ಕು ತೆಗೆದ. ತಂದೆತಾಯಿಯಿಲ್ಲದ ಮರಿಗಳಿಗೆ ಮೊಟ್ಟೆಯ ಹಳದಿಯನ್ನು ಒಣಗಿಸಿ, ಪುಡಿ ಮಾಡಿ, ಕಲಸಿ, ತಟ್ಟೆಯ ಅಂಚಿಗೆ ಸವರಿ ಉಣಿಸಬಹುದೆಂದು ಅದರಲ್ಲಿತ್ತು. ಮಂಗಳವಾರ ಹದಿನೈದು ಮರಿಗಳನ್ನು ಬಟ್ಟಲಲ್ಲಿ ಬೇರೆ ಮಾಡಿ ಹಾಗೇ ಉಣಿಸಿದ. ಗಂಟೆಗೊಮ್ಮೆ ಉಣಿಸಿ, ಗಂಟೆಗೊಮ್ಮೆ ನೀರು ಬದಲಿಸಿದ. ಬುಧವಾರಕ್ಕೆ ಹನ್ನೊಂದು ಉಳಿದವು, ಗುರುವಾರ ಮಧ್ಯಾಹ್ನಕ್ಕೆ ಮೂರು. ಆ ಮೂರನ್ನೂ ತಾಯಿಯ ತೊಟ್ಟಿಗೆ ಮರಳಿ ಬಿಟ್ಟಾಗ ಅವು ನೆಟ್ಟಗೆ ಹೋಗಿ ಅವಳ ಪಕ್ಕೆಗೆ ಅಂಟಿಕೊಂಡವು, ಏನೂ ಆಗಿಲ್ಲವೆಂಬಂತೆ. ಎರ್ಮೆಕ್ ಮಂಚದ ಮೇಲೆ ಕೂತು ಕೆಮ್ಮಿದ. ಕಿಟಕಿಯ ಗಾಜಿಗೆ ಒಳಗಿನಿಂದಲೇ ಹಿಮ ಕಟ್ಟಿತ್ತು. ಹೊರಗೆ ಏನಿದೆಯೆಂದು ಆ ವಾರದಲ್ಲಿ ಅವನು ಒಂದು ಸಲವೂ ನೋಡಿರಲಿಲ್ಲ.

ಶುಕ್ರವಾರ ಹನ್ನೊಂದು ಗಂಟೆಗೆ ದಾನಿಯಾರ್ ಬಂದ. ಮೀನು ಸಾಗಿಸುವ ದಪ್ಪ ಪೆಟ್ಟಿಗೆ ತಂದಿದ್ದ. ಕೋಟು ಬಿಚ್ಚಿ, ಕಪ್ಪು ಸ್ವೆಟರಿನಲ್ಲಿ ತೊಟ್ಟಿಯ ಮುಂದೆ ನಿಂತ.

ಎರ್ಮೆಕ್ ಬಲೆ ತೆಗೆದುಕೊಂಡ.

"ನೀನು ಹಿಡೀಬೇಡ," ಎಂದಳು ಅಪಾ. ಕೋಲೂರಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಕೇಳಿದವನೇ ಕೈಯಾರೆ ಹಿಡ್ಕೋಬೇಕು. ಕುದುರೆ ಕೇಳಿದಾಗ್ಲೂ ಏಳು ವರ್ಷದ ಪಿಳ್ಳೆ ತಾನೇ ಹಗ್ಗ ಹಾಕಿದ್ದ. ಬಲೆ ಗಿಲೆ ಬೇಡ. ಕೈ ಹಾಕೋ."

"ಕೈ ಹಾಕೋದೆಷ್ಟು ಹೊತ್ತು," ಎಂದು ದಾನಿಯಾರ್ ತೋಳು ಮಡಿಸಲು ನೋಡಿದ. ಅವನ ತೋಳಿಗೆ ಸ್ವೆಟರ್ ಬಿಗಿ, ಮಣಿಕಟ್ಟು ಬಿಟ್ಟು ಮೇಲೆ ಏರಲಿಲ್ಲ. "ಒದ್ದೆಯಾದ್ರೆ ಆಗ್ಲಿ" ಎಂದು ತೋಳನ್ನು ಹೆಗಲವರೆಗೂ ತೊಟ್ಟಿಗೆ ಇಳಿಸಿದ.

ಜೋಡಿ ಬೆದರಿ ಕುಂಡದ ಹಿಂದಕ್ಕೆ ನುಗ್ಗಿತು. ಹೆದರಿಕೆಗೆ ಎರಡೂ ಮೀನುಗಳ ಬಣ್ಣ ಇಳಿದು ಬೂದಿಯಾಯಿತು. ಮರಿಗಳು ಕೈಬಿಟ್ಟಂತಾಗಿ ನೀರಿನಲ್ಲಿ ಚೆಲ್ಲಾಪಿಲ್ಲಿಯಾದವು. ದಾನಿಯಾರ್ ಕುಂಡದ ಹಿಂದೆ ತಡಕಾಡಿದ. ಜಾರಿಹೋಯಿತು. ಮತ್ತೆ ತಡಕಾಡಿ, ಸೋತು, ಕೈಯನ್ನು ಒಂದೇ ಕಡೆ ಇರಿಸಿ ಕಾದ.

ಆಗ ಒಂದು ಮರಿ ಅವನ ಕಪ್ಪು ತೋಳಿನ ಹತ್ತಿರ ಬಂತು. ಇನ್ನೆರಡು ಬಂದವು. ಆಮೇಲೆ ಹತ್ತು. ಮರಿಗಳಿಗೆ ಕೆಂಪಾದರೇನು ಕಪ್ಪಾದರೇನು, ಗಾಢವಾಗಿ, ಅಗಲವಾಗಿ ನಿಂತಿರುವುದೇ ತಾಯಿ. ನೋಡುತ್ತಿದ್ದಂತೆಯೇ ಅಷ್ಟೂ ಮರಿಗಳು ಮಣಿಕಟ್ಟಿನಿಂದ ಮೊಣಕೈವರೆಗೆ ಅಂಟಿಕೊಂಡು ಉಣ್ಣೆಯನ್ನು ಕುಕ್ಕತೊಡಗಿದವು.

"ನಗಾಶಿ! ಇವು ಕಚ್ತಾ ಇವೆ!"

"ಕಚ್ತಿಲ್ಲ. ಹಾಲು ಹುಡುಕ್ತಿವೆ."

"ನನ್ನತ್ರ ಎಲ್ಲಿದೆ ಹಾಲು!"

"ಇಷ್ಟು ಕೊಬ್ಬಿದೆಯಲ್ಲೋ, ಸ್ವಲ್ಪ ಕೊಡು," ಎಂದಳು ಅಪಾ. ರೌಶಾನ್ ನಗು ತಡೆಯಲು ಬಾಯಿ ಮುಚ್ಚಿಕೊಂಡಳು.

ದಾನಿಯಾರ್ ಕೈ ಮೇಲೆತ್ತಲು ಹೋದ. "ಎತ್ತಬೇಡ!" ಎಂದು ಎರ್ಮೆಕ್ ಕೂಗಿದ ಕೂಗಿಗೆ ಅವನಿಗೇ ಕೆಮ್ಮು ಬಂತು. "ಎತ್ತಿದ್ರೆ... ಉಣ್ಣೆಗೆ ಸಿಕ್ಕಿಕೊಂಡು... ಎಲ್ಲ ಸಾಯ್ತವೆ. ಅಲ್ಲಾಡಬೇಡ. ತಾಯಿ ಬರೋವರೆಗೆ ಹಾಗೇ ಇರು."

"ಯಾವಾಗ ಬರ್ತಾಳೆ?"

"ಅವಳಿಗೆ ಹೆದರಿಕೆ ಇಳಿದ ಮೇಲೆ."

ಹೀಗೆ ಕರಗಾಂದಿಯ ಔತಣದ ಹಾಲ್‌ನ ಒಡೆಯ ಒಂದು ತೋಳು ಮೀನಿನ ತೊಟ್ಟಿಯಲ್ಲಿಟ್ಟುಕೊಂಡು, ಸೊಂಟ ಬಗ್ಗಿಸಿಕೊಂಡು, ಬಹಳ ಹೊತ್ತು ನಿಂತ. ಅಪಾ ಮೊದಲ ಸಲ ಆ ತೊಟ್ಟಿಯ ಹತ್ತಿರ ಬಂದು ಮಂಚದ ಮೇಲೆ ಕೂತಳು. ಕಣ್ಣು ಕಿರಿದು ಮಾಡಿ ನೋಡಿದಳು. ಎರಡು ವರ್ಷದಿಂದ ಮಗ ಮೀನು ಮೀನು ಎಂದರೆ ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ.

"ಇವು ಹಾಲು ಕುಡಿಯೋ ಮೀನಾ?"

"ಹೌದು ಅಪಾ. ಇನ್ನೊಂದು ವಾರ ಬೇಕು."

"ಮೊದಲೇ ಯಾಕೆ ಹೇಳ್ಲಿಲ್ಲ?"

ಎರ್ಮೆಕ್ ಎಷ್ಟೋ ಸಲ ಹೇಳಿದ್ದ.

ದಾನಿಯಾರ್‌ನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅವನು ಕೈ ಬಿಡಿಸಲಾರದೆ, "ಅತ್ತೆ, ಸ್ವಲ್ಪ ತೆಗೀರಿ" ಎಂದ. ರೌಶಾನ್ ತೆಗೆದು ಅವನ ಕಿವಿಗೆ ಹಿಡಿದಳು. ಹಾಲ್‌ನ ಮ್ಯಾನೇಜರ್ ಮಾಡಿದ್ದ; ಮದುಮಗಳ ಕಡೆಯವರು ಮೀನು ಎಲ್ಲಿ ಎಂದು ಕೇಳುತ್ತಿದ್ದಾರಂತೆ. "ಮೀನು ನನ್ನ ಕೈಯಲ್ಲಿದೆ," ಎಂದ ದಾನಿಯಾರ್. "ಅಂದ್ರೆ, ನನ್ನ ಕೈ ಮೀನಿನ ಹತ್ರ ಇದೆ... ತಡಿ." ಫೋನು ಇಟ್ಟ ಮೇಲೆ ತೋಳನ್ನು ನೋಡಿದ. "ಅತ್ತೆ, ಇದನ್ನ ವಿಡಿಯೋ ಮಾಡಿ. ಹತ್ತಿರದಿಂದ. ಹಾಂ, ಮರಿ ಕಾಣೋ ಹಾಗೆ. ನಮ್ಮ ದೊಡ್ಡ ಪರದೆ ಮೇಲೆ ಹಾಕಿದ್ರೆ..."

ಮುಕ್ಕಾಲು ಗಂಟೆಯಾದ ಮೇಲೆ ಕುಂಡದ ಹಿಂದಿನಿಂದ ತಾಯಿ ಬಂದಳು. ಕೆಂಪು ನಿಧಾನವಾಗಿ ಮರಳುತ್ತಿತ್ತು. ತೋಳಿನ ಪಕ್ಕಕ್ಕೆ ಬಂದು ನಿಂತು ಮೈಯನ್ನು ಸ್ವಲ್ಪ ಕೊಡವಿದಳು. ಮರಿಗಳು ಒಂದೊಂದಾಗಿ, ಆಮೇಲೆ ಗುಂಪಾಗಿ, ಅವಳಿಗೆ ದಾಟಿದವು. ದಾನಿಯಾರ್ ಕೈ ತೆಗೆದ. ಬೆರಳು ಸುಕ್ಕುಗಟ್ಟಿದ್ದವು. ಅವನ ಮುಖದಲ್ಲಿ ಏನೋ ಮೆದುವಾಗಿತ್ತು. ಅದನ್ನು ನೋಡಿ ಎರ್ಮೆಕ್‌ಗೆ ಎರಡು ಕ್ಷಣ ಆಸೆ ಹುಟ್ಟಿತು: ಬೇಡ ನಗಾಶಿ, ಬೇರೇನಾದರೂ ಕೇಳುತ್ತೇನೆ ಎನ್ನಬಹುದು.

"ಅಪಾ, ಇವನ್ನ ಈಗ ಒಯ್ಯೋದು ಪಾಪ," ಎಂದ ದಾನಿಯಾರ್.

"ಪಾಪಾನೇ," ಎಂದಳು ಅಪಾ. "ಹಾಲು ಕೊಡೋ ಕುದುರೇನ ಯಾರೂ ಹಗ್ಗ ಹಾಕಿ ಎಳೀತಿರಲಿಲ್ಲ. ಹಾಗಂತ ಕೇಳಿದ್ದು ತಪ್ಪಿಸೋಹಾಗೂ ಇಲ್ಲ. ಇದಕ್ಕೊಂದು ದಾರಿ ಹಿಂದಿನಿಂದ ಇದೆ. ಸೌನ್ ಮಾಡ್ಕೊಳ್ಳಿ."

ಸೌನ್ ಎಂಬ ಮಾತನ್ನು ಎರ್ಮೆಕ್ ಬಾಲ್ಯದ ನಂತರ ಕೇಳಿರಲಿಲ್ಲ. ಹುಲ್ಲುಗಾವಲಿನ ಕಾಲದಲ್ಲಿ ದನಕುದುರೆ ಹೆಚ್ಚಿದ್ದವನು ಕರಾವಿನ ಪ್ರಾಣಿಯನ್ನು ನೆಂಟನ ಮನೆಯಲ್ಲಿ ಬಿಡುತ್ತಿದ್ದ. ಹಾಲು ಸಾಕಿದವನಿಗೆ, ಪ್ರಾಣಿ ಒಡೆಯನಿಗೆ. ಸಾಕಿದವನು ಅದನ್ನು ಮಾರುವಂತಿಲ್ಲ, ಕಡಿಯುವಂತಿಲ್ಲ, ಬಿಟ್ಟುಹೋಗುವಂತಿಲ್ಲ.

"ಜೋಡಿ ಇವತ್ತಿನಿಂದ ದಾನಿಯಾರ್‌ದು," ಎಂದಳು ಅಪಾ. "ನಿಮ್ಮಲ್ಲೇ ಇರ್ಲಿ. ಮರಿ ನಿಮ್ಮದು. ಕೊಟ್ಟಂಗೂ ಆಯ್ತು, ಕೂಸು ಉಳಿದಂಗೂ ಆಯ್ತು."

"ಅಯ್ಯೋ, ಇದು ಚೆನ್ನಾಗಿದೆ!" ಎಂದ ದಾನಿಯಾರ್. "ನನ್ನ ಹಾಲ್‌ನಲ್ಲಿ ಇವನ್ನ ನೋಡ್ಕೊಳ್ಳೋಕೆ ಯಾರಿಗೆ ಬರುತ್ತೆ ನಗಾಶಿ? ನಿಮ್ಮಂಥವರು ಎಲ್ಲಿ ಸಿಗ್ತಾರೆ?"

"ಅಪಾ, ಒಂದ್ ನಿಮಿಷ," ಎಂದ ಎರ್ಮೆಕ್. "ನಾವು ತಾರಾಜ್‌ಗೆ..."

ಅಪಾ ಆಗಲೇ ಎರಡು ಅಂಗೈ ತೆರೆದು ಮುಂದೆ ಹಿಡಿದಿದ್ದಳು. ಹಿರಿಯರು ಹರಸಲು ಕೈ ತೆರೆದ ಮೇಲೆ ಯಾರೂ ನಡುವೆ ಮಾತಾಡುವುದಿಲ್ಲ. ದಾನಿಯಾರ್ ಒದ್ದೆ ಕೈಯನ್ನೇ ತೆರೆದ. ರೌಶಾನ್ ಗಂಡನ ಮುಖ ನೋಡಿ, ನೆಲ ನೋಡಿ, ಕೈ ತೆರೆದಳು. ಅಪಾ ಸಾವಕಾಶವಾಗಿ ಹರಸಿದಳು: ಕೊಟ್ಟ ಕೈ ಬರಿದಾಗದಿರಲಿ, ಪಡೆದ ಕೈ ಮರೆಯದಿರಲಿ, ಕುಲ್ಯಾಶ್‌ಳ ಆತ್ಮ ತಣ್ಣಗಿರಲಿ, ಈ ಮನೆ ಬಿಟ್ಟು ಈ ಜೀವಗಳು ಅಗಲದಿರಲಿ. ಹರಕೆ ಮುಗಿಯುವ ಹೊತ್ತಿಗೆ ಎರ್ಮೆಕ್‌ನ ಅಂಗೈಯೂ ತೆರೆದಿತ್ತು. ಎಲ್ಲರ ಜೊತೆ ಆಮಿನ್ ಎಂದು ಅವನೂ ಮುಖ ಸವರಿಕೊಂಡ.

ದಾನಿಯಾರ್ ಪೆಟ್ಟಿಗೆಯನ್ನು ಖಾಲಿಯಾಗಿಯೇ ಎತ್ತಿಕೊಂಡು, ಮೆಟ್ಟಿಲಿಳಿಯುವಾಗ ಹಾಡು ಗುನುಗುತ್ತ ಹೋದ.

ಮಾರನೆಯ ಬೆಳಿಗ್ಗೆ ಅವನು ಕಳಿಸಿದ ಒಬ್ಬ ಕೆಲಸಗಾರ ಬಂದು ತೊಟ್ಟಿಯ ಎದುರು ಗೋಡೆಗೆ ಚಿಕ್ಕ ಕ್ಯಾಮೆರಾ ಹೊಡೆದು ಹೋದ. ಭಾನುವಾರದ ಮದುವೆಯಲ್ಲಿ ದೊಡ್ಡ ಪರದೆಯ ಮೇಲೆ ಕೆಂಪು ಜೋಡಿಯೂ ಮರಿಗಳೂ ಕಂಡು ಜನ ಚಪ್ಪಾಳೆ ತಟ್ಟಿದರಂತೆ.

ಮರಿಗಳು ಬದುಕಿದವು. ಇಪ್ಪತ್ತೊಂದನೆಯ ದಿನ ಅಂಗಿಯ ಗುಂಡಿಯಷ್ಟು ದುಂಡಗಾಗಿ, ತಾಯಿಯ ಮೈಬಿಟ್ಟು, ಪಾವ್ಲೊದಾರ್‌ನ ಉಪ್ಪುಕೆರೆಯ ಸೀಗಡಿಮರಿಗಳನ್ನು ತಾವೇ ಹಿಡಿದು ತಿನ್ನುತ್ತಿದ್ದವು. ಆ ದಿನವೇ ಗೆನ್ನಾಡಿಯ ಫೋನು ಬಂತು.

"ಸಾಕಿದ್ವಾ?"

"ಸಾಕಿದ್ವು."

"ಸಬಾಶ್! ಹಾಗಾದ್ರೆ ಬುಧವಾರ ಗಾಡಿ ಕಳಿಸ್ತೀನಿ."

"ಜೋಡಿ ಈಗ ನಂದಲ್ಲ," ಎಂದ ಎರ್ಮೆಕ್. "ಮರಿ ಇವೆ. ಅರವತ್ತರ ಹತ್ರ. ಮರಿ ತಗೋ."

"ಮರಿ ತಗೊಂಡು ನಾನೇನ್ ಮಾಡ್ಲಿ? ಅವು ಬೆಳೆದು, ಜೋಡಿಯಾಗಿ, ಮೊಟ್ಟೆ ತಿನ್ನೋದು ಬಿಡೋಕೆ ಎರಡು ವರ್ಷ. ಆಗ ಫೋನ್ ಮಾಡು." ಸ್ವಲ್ಪ ತಡೆದು ಅವನೇ, "ಉಸಿರು ಹೇಗಿದೆ?" ಎಂದು ಕೇಳಿದ.

"ಇದೆ," ಎಂದ ಎರ್ಮೆಕ್.

ಮಾರ್ಚ್ ಬಂತು. ಮರಿಗಳಿಗೆ ಜಾಗ ಸಾಲದೆ ರೌಶಾನ್ ಇನ್ನೆರಡು ತೊಟ್ಟಿ ತರಿಸಿದಳು. ಅವುಗಳಲ್ಲಿ ಒಂದನ್ನು ಅಪಾಳ ಕೋಣೆಯಲ್ಲಿಟ್ಟರು. ಮರಿಗಳು ಈಜುವುದನ್ನು ನೋಡುತ್ತ ಅಪಾ ಜಪಮಣಿ ಎಣಿಸುತ್ತಿದ್ದಳು. ಜೋಡಿ ಮತ್ತೆ ಕುಂಡವನ್ನು ಬಾಯಿಂದ ಉಜ್ಜಿ ಚೊಕ್ಕಟ ಮಾಡತೊಡಗಿತ್ತು, ಹೊಸ ಮೊಟ್ಟೆಗೆ. ದಾನಿಯಾರ್ ದಿನಕ್ಕೆರಡು ಸಲ ಫೋನು ಮಾಡಿ, "ನನ್ನ ಮೀನು ಹೇಗಿವೆ ನಗಾಶಿ?" ಎನ್ನುತ್ತಿದ್ದ. ಬರುವಾಗಲೆಲ್ಲ ಮಾಂಸ ತರುತ್ತಿದ್ದ. ಅವನ ಮೇಲೆ ಸಿಟ್ಟಾಗಲು ಕಾರಣವೇ ಸಿಗುತ್ತಿರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ರೌಶಾನ್ ತಂಗಿಯ ಜೊತೆ ಫೋನಿನಲ್ಲಿ ಮಾತಾಡಿ ಬಂದು ಮಂಚದ ತುದಿಯಲ್ಲಿ ಕೂತಳು.

"ಏನಂತೆ?"

"ಹೂ ಬಿಟ್ಟಿದೆಯಂತೆ."

"ನೀನೇನಂದೆ?"

"ಏನನ್ಲಿ? ನಮ್ಮದಲ್ಲದ ಮೀನು ಇದೆ ಅಂದೆ. ಅವಳಿಗೆ ಅರ್ಥ ಆಗ್ಲಿಲ್ಲ. ನಕ್ಕಳು."

ಎರ್ಮೆಕ್‌ಗೆ ಹೇಳಲು ಏನೋ ಇತ್ತು. ಅವಳ ಕಡೆ ತಿರುಗಲೆಂದು ತೊಟ್ಟಿಯ ಮುಂದೆ ಎದ್ದು ನಿಂತ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ದಾನಿಯಾರ್. ಹಿಂದಿನಿಂದ ವಾದ್ಯದ ಸದ್ದು, ಯಾರೋ ಮೈಕಿನಲ್ಲಿ ಮದುಮಕ್ಕಳನ್ನು ಹೊಗಳುವ ಸದ್ದು, ಇನ್ನೂರು ಜನ ನಗುವ ಸದ್ದು.

"ನಗಾಶಿ, ನೀವು ಅಡ್ಡ ನಿಂತಿದ್ದೀರಿ! ಪರದೆ ತುಂಬ ನಿಮ್ಮ ಬೆನ್ನೇ ಕಾಣ್ತಿದೆ. ಸ್ವಲ್ಪ ಸರೀರಿ."

ಎರ್ಮೆಕ್ ಸರಿದ.

"ಇನ್ನೂ ಸ್ವಲ್ಪ."

ಅವನು ಗೋಡೆಗೆ ಅಂಟಿಕೊಂಡು ನಿಂತ. ತೇವದ ಕಾಗದ ಬೆನ್ನಿಗೆ ತಣ್ಣಗೆ ತಗುಲಿತು.

"ಹಾಂ, ಅಷ್ಟೇ. ಅಲ್ಲೇ ಇರಿ."